ಏರಿಯ ಬುಡದಲ್ಲಿ ಒಗೆದ ಬಟ್ಟೆ

ಜುಲೈ ೪

ಅಮ್ಮಾ,

ರಾತ್ರಿ ಎರಡೂವರೆ. ತೂಬಿನ ಸರಳು ಗುಂಯ್‌ಗುಡುವ ಸದ್ದಿಗೆ ಎಚ್ಚರವಾಯಿತು. ಮಗು ಎದ್ದಿರಲಿಲ್ಲ, ಅದೇ ಆಶ್ಚರ್ಯ. ಸಂಜೆ ಕಾಲುವೆಗೆ ನೀರು ಬಿಡಲು ತೂಬಿನ ಬಾಗಿಲನ್ನು ನಾಲ್ಕು ಬೆರಳಷ್ಟು ಎತ್ತಿದ್ದೆ. ಅಷ್ಟು ಎತ್ತಿದರೆ ಸರಳು ಹಾಡುತ್ತದೆ ಅಂತ ನೀನೇ ಹೇಳಿದ್ದು. "ಅದು ಹಾಡ್ತಿದ್ರೆ ನಂಗೆ ನಿದ್ದೆ, ನಿಂತ್ರೆ ಎಚ್ಚರ" ಅನ್ನುತ್ತಿದ್ದೆ. ನನಗೆ ಹಾಡಿದರೂ ಎಚ್ಚರ, ನಿಂತರೂ ಎಚ್ಚರ. ಎದ್ದು ಟಾರ್ಚು ಹಿಡಿದು ಏರಿಯ ಮೇಲೆ ಒಂದು ಸುತ್ತು ಹೋಗಿಬಂದೆ. ಇವರು ಮಗ್ಗುಲು ಬದಲಿಸಿ, "ಅಣೆಕಟ್ಟು ಎಲ್ಲೂ ಓಡಿಹೋಗಿಲ್ವಾ?" ಅಂದರು. ಬಡಗಿಯನ್ನು ಮದುವೆಯಾದರೆ ಇದೇ ಪಾಡು. ಅವರ ಪಾಲಿಗೆ ಮರ ಮಾತ್ರ ಅಲ್ಲಾಡುವ ವಸ್ತು, ಮಣ್ಣು ಇದ್ದಲ್ಲೇ ಇರುತ್ತದೆ.

ನೀನು ಹೇಳಿಹೋದ ಕೆಲಸಗಳೆಲ್ಲ ನಡೆಯುತ್ತಿವೆ. ದನ ಹತ್ತದ ಹಾಗೆ ಏರಿಯ ಎರಡೂ ತುದಿಗೆ ಮುಳ್ಳು ಹಾಕಿಸಿದ್ದೇನೆ. ಕೆರೆಯ ಕಡೆಯ ಕಲ್ಲುಹಾಸಿನ ಸಂದಿಯಲ್ಲಿ ಹುಟ್ಟಿದ ಸಸಿಗಳನ್ನು ಬೇರುಸಹಿತ ಕಿತ್ತಿದ್ದೇನೆ, ಕತ್ತರಿಸಿಲ್ಲ. ಏಡಿ ಬಿಲಗಳಿಗೆ ಜೇಡಿ ತುಂಬಿ ಗುದ್ದಲಿ ಹಿಡಿಯಲ್ಲಿ ಜಜ್ಜಿದ್ದೇನೆ. ಎಲ್ಲವೂ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ. ನಾನು ಜಜ್ಜಿದಾಗಲೆಲ್ಲ ಅವಳು ಬಿಕ್ಕಳಿಸಿದ ಹಾಗೆ ನಗುತ್ತಾಳೆ. ಹೊರಮೈ ಹುಲ್ಲನ್ನೂ ಗಿಡ್ಡಗೆ ಕೊಯ್ಯಿಸಿದೆ. ಒಂದು ಕಡೆ ಸ್ವಲ್ಪ ಜೇಕು ಹುಲ್ಲು ಬೆಳೆದಿತ್ತು. ಅದನ್ನೂ ಕಿತ್ತು ಹಾಕಿದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ್ದಕ್ಕೆ ಕಳೆ ಕೀಳುವುದಾದರೂ ಬಂತು ಅಂತ ನೀನು ನಗಬಹುದು.

ಅಕ್ಕ ಹೇಗಿದ್ದಾಳೆ? ಎರಡು ಸಲ ಕೈತಪ್ಪಿದ ಬಸಿರು ಈ ಸಲ ನಿಲ್ಲಲಿ. ಏರಿ ಕಾವಲಿಗೆ ನನ್ನನ್ನು ನಿಲ್ಲಿಸಿಕೊಂಡು ಓವರ್‌ಸಿಯರ್ ನಿನ್ನ ರಜೆಗೆ ಒಪ್ಪಿದ್ದೇ ದೊಡ್ಡದು. ಏರಿಯಲ್ಲಿ ಸಣ್ಣದೊಂದು ತೊಂದರೆ ಕಂಡರೂ ನೀನು ಆ ಕ್ಷಣ ವಾಪಸ್ ಬರಬೇಕು ಅಂತ ಮತ್ತೊಮ್ಮೆ ನೆನಪಿಸಿಹೋದರು. ತೂಬಿನ ಕೋಣೆಯ ಫೋನಿಗೆ ಹಾಕಿದ ಬೀಗದ ಕೈಯನ್ನು ಮಾತ್ರ ಕೊಡಲಿಲ್ಲ. "ಬಂದ ಕರೆ ತಗೊಳ್ಳಿ, ಮಾಡೋದು ಬೇಡ, ಇಲಾಖೆ ಫೋನು" ಅಂದರು. ಹಾಗಾಗಿ ಹಾಲಿನ ವ್ಯಾನಿನವರ ಕೈಯಲ್ಲಿ ಕಾಗದ.

ಏನೂ ಚಿಂತೆ ಮಾಡಬೇಡ. ಎಲ್ಲ ಸರಿಯಾಗಿದೆ.

ನಿನ್ನ ಚಿಕ್ಕವಳು


ಜುಲೈ ೯

ಚಿಕ್ಕವಳೇ,

ಆಸ್ಪತ್ರೆಗೆ ಹಾಲು ಇಳಿಸುವಾಗ ವ್ಯಾನಿನವನು ನಿನ್ನ ಕಾಗದವನ್ನು ಆಯಾ ಕೈಗೆ ಕೊಟ್ಟ. ಹಾಲಿನ ವಾಸನೆ ಹೊಡೀತಿತ್ತು, ಮಗುವೇ ಬರೆದಿದೆ ಅಂದುಕೊಂಡೆ.

ನಿನ್ನಕ್ಕ ಮಲಗಿದ್ದಾಳೆ. ಮಲಗೋದೇ ಅವಳಿಗೆ ಕೆಲಸ. ಮಂಚದ ಕಾಲಿನ ಕಡೆ ಇಟ್ಟಿಗೆ ಇಟ್ಟು ಎತ್ತರ ಮಾಡಿದಾರೆ. ಪಕ್ಕಕ್ಕೆ ತಿರುಗಬೇಕಾದರೂ ನನ್ನ ಕೈ ಬೇಕು. ರಾತ್ರಿ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿದ್ದೆ ಮಾಡ್ತಾಳೆ, ಇಷ್ಟು ದೊಡ್ಡವಳು. ನಾನು ಎದ್ದರೆ ಗೊತ್ತಾಗಲಿ ಅಂತ. ಕಿಟಕಿಯ ಆಚೆ ಒಂದು ನೀರಿನ ಟ್ಯಾಂಕು ಕಾಣುತ್ತೆ, ಹಗಲೂ ರಾತ್ರಿ ಸೋರುತ್ತೆ. ನೋಡಿ ನೋಡಿ ಸಂಕಟ. ಇಲ್ಲಿ ಯಾರಿಗೂ ಅದು ಬೇಕಿಲ್ಲ.

ಕಾರಿಡಾರಿನಲ್ಲಿ ಕಾಸು ಹಾಕೋ ಫೋನಿದೆ. ಒಂದು ಸಲ ಮಾಡಿದ್ದೆನಲ್ಲ, ಮಗು ಅತ್ತಿದ್ದು ಕೇಳೋದರಲ್ಲೇ ಕಾಸು ಮುಗೀತು. ಅಲ್ಲದೆ ಫೋನಿನಲ್ಲಿ ನೀನು ಬರೀ ಹೂಂ ಅಂತೀಯ. ಕಾಗದವೇ ಮೇಲು.

ಈಗ ಕೇಳಿದ್ದಕ್ಕೆ ಉತ್ತರ ಬರಿ. ಏರಿಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕೇನಾದರೂ ಇದೆಯಾ? ಕೋಡಿಗೆ ಅಡ್ಡ ಇಟ್ಟಿದ್ದ ಹಲಗೆ ತೆಗೆದೆಯಾ? ಮಳೆ ಜೋರಾದರೆ ಹೆಚ್ಚಿನ ನೀರು ಅಲ್ಲಿಂದ ತಾನಾಗಿ ಹರಿದುಹೋಗಬೇಕು. ತೂಬಿನ ಹಲ್ಲಿಗೆ ಗ್ರೀಸು ಹಾಕಿದೆಯಾ? ಆಮೇಲೆ, ಆ ಜೇಕು ಎಲ್ಲಿ ಬೆಳೆದಿತ್ತು? ಜಾಗ ಬರೆದಿಲ್ಲ ನೀನು. ಒಣಗಿದ ಮಣ್ಣಲ್ಲಿ ಜೇಕು ಹುಟ್ಟಲ್ಲ. ಏರಿಯ ಬುಡದಲ್ಲಿ ಒದ್ದೆ ಇರೋದು ತಪ್ಪಲ್ಲ, ಮಣ್ಣಿನ ಕಟ್ಟು ಅಂದಮೇಲೆ ಸ್ವಲ್ಪ ಬೆವರುತ್ತೆ. ಆದರೆ ಹೊಸ ಜಾಗದಲ್ಲಿ ಬೆವರಿದರೆ ನೋಡಬೇಕು. ತಿಳಿ ನೀರಾದರೆ ಕಾಯಬಹುದು. ಕೆಸರು ನೀರಾದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಕರಗಿ ಬರ್ತಿದೆ ಅಂತ ಅರ್ಥ.

ಮಗುವಿಗೆ ಹಲ್ಲು ಬಂತಾ?

ಅಮ್ಮ


ಜುಲೈ ೨೨

ಅಮ್ಮಾ,

ಬಿರುಕಿಲ್ಲ. ಹಲಗೆ ತೆಗೆದು ಒಳಗೆ ಇಟ್ಟಾಯಿತು. ತೂಬಿನ ಹಲ್ಲಿಗೆ ಗ್ರೀಸು ಹಚ್ಚಿದೆ, ನನ್ನ ಮೂಗಿಗೂ ಹತ್ತಿತು. ಮಗುವಿಗೆ ಕೆಳಗೆ ಒಂದು ಹಲ್ಲು ಬಂದಿದೆ. ಅದರ ಪರಿಣಾಮ ನನ್ನ ಮೇಲೆ.

ಮೊನ್ನೆ ಓವರ್‌ಸಿಯರ್ ತಪಾಸಣೆಗೆ ಬಂದಿದ್ದರು. ಕೊಡೆ ಊರಿಕೊಂಡು ಏರಿಯ ಬುಡದುದ್ದಕ್ಕೂ ನಡೆದರು. ಆಗ ನಾನು ಅಲ್ಲೇ ಮಗುವಿನ ಬಟ್ಟೆ ಒಗೆಯುತ್ತಿದ್ದೆ. ನಡೆದ ಮಾತು ಕೇಳು:

"ಇದೇನಮ್ಮಾ, ಇಲ್ಲಿ ನೆಲ ಪಚಪಚ ಅಂತಿದೆ?"

"ಮಗು ಬಟ್ಟೆ ಒಗೀತೀನಿ ಸರ್ ಇಲ್ಲಿ."

"ಮನೆ ಹತ್ರ ಒಗೆಯೋ ಕಲ್ಲಿಲ್ವಾ?"

"ಇದೆ ಸರ್. ಅಲ್ಲಿ ನೆರಳು. ಬಟ್ಟೆ ಒಣಗಲ್ಲ."

ಅವರು ಕೊಡೆಯ ತುದಿಯಿಂದ ನೆಲವನ್ನು ಎರಡು ಸಲ ತಿವಿದರು. ನನ್ನ ಬಕೆಟ್ಟು, ಸೋಪಿನ ನೊರೆ, ರಾಶಿ ಬಿದ್ದ ಲಂಗೋಟಿ ನೋಡಿದರು. "ನಮ್ಮನೇಲೂ ಇದೇ ಕಥೆ. ಸೊಸೆ ಹೆತ್ತಾಗಿಂದ ಸೂರ್ಯನ ಬೆಳಕು ನಮಗೆ ಕಾಣ್ತಿಲ್ಲ, ಬರೀ ಲಂಗೋಟಿ. ಒಗೀರಿ, ಒಗೀರಿ" ಅಂದರು. ಆಮೇಲೆ ಏರಿಯ ಕೆಳಗಿನ ಬೀದಿಯವರೆಲ್ಲ ಬೇಕರಿ ಮುಂದೆ ಅವರನ್ನು ಸುತ್ತಿಕೊಂಡು ಕೇಳಿದರಂತೆ, ಈ ಸಲ ಏರಿ ಹೇಗಿದೆ ಅಂತ. "ನಾನೇ ಬುಡದಿಂದ ನೋಡಿದೀನಿ, ಕಲ್ಲಿನ ಹಾಗಿದೆ. ಮಲಗಿ ನಿದ್ದೆ ಮಾಡಿ" ಅಂದರಂತೆ. ಇವರು ಅಲ್ಲೇ ಇದ್ದರು, ಬಂದು ಹೇಳಿದರು.

ನೋಡು, ನೀನಿಲ್ಲದೆ ಇದ್ದರೂ ನಡೆಯುತ್ತದೆ. ಅಕ್ಕನ ಹತ್ತಿರ ನಿಶ್ಚಿಂತೆಯಿಂದ ಇರು.

ನಿನ್ನ ಚಿಕ್ಕವಳು


ಜುಲೈ ೨೮

ಚಿಕ್ಕವಳೇ,

ಏರಿಯ ಬಗ್ಗೆ ನಾಲ್ಕು ಕೇಳಿದ್ದೆ, ಮೂರಕ್ಕೆ ಉತ್ತರ ಬಂದಿದೆ. ಪರೀಕ್ಷೆಯಲ್ಲಿ ಹೀಗೆ ಬರೆದೇ ಪಾಸಾದೆಯಾ ನೀನು?

ಒಗೆಯೋ ಕಲ್ಲು ಮನೆ ಮಗ್ಗುಲಲ್ಲಿದೆ. ಅಲ್ಲಿ ನೆರಳು ಬರೋದು ಸಾಯಂಕಾಲಕ್ಕೆ. ಇಷ್ಟು ವರ್ಷ ನಿಮ್ಮಿಬ್ಬರ ಬಟ್ಟೆಯೂ ಅಲ್ಲೇ ಒಣಗಿದೆ. ಮಗುವನ್ನು ಎತ್ತಿಕೊಂಡು, ಬಕೆಟ್ಟು ಹೊತ್ತು, ಅಷ್ಟು ದೂರ ಏರಿಯ ಬುಡಕ್ಕೆ ಯಾಕೆ ಹೋಗ್ತೀಯ?

ಅಲ್ಲಿ ಒಗೀಬೇಡ. ಆ ಜಾಗ ಒಣಗಿರಬೇಕು. ನೋಡೋ ಕಣ್ಣಿಗೆ ಏನು ಬದಲಾಯಿತು ಅಂತ ತಿಳೀಬೇಕು.

ಅಕ್ಕನಿಗೆ ಮಂಗಳವಾರ ಸ್ವಲ್ಪ ನೋವು ಬಂದಿತ್ತು, ನಿಂತಿದೆ. ನನಗೆ ಹೆದರಿಕೆಯಾಯಿತು. ಅವಳಿಗೆ ಹೇಳಲಿಲ್ಲ.

ಅಮ್ಮ


ಆಗಸ್ಟ್ ೧೧

ಅಮ್ಮಾ,

ನಾಲ್ಕನೆಯದಕ್ಕೂ ಉತ್ತರ ಬೇಕೇ? ಜೇಕು ಎಲ್ಲೋ ಒಂದು ಕಡೆ ಇತ್ತು. ಕಿತ್ತೆ. ಈಗ ಇಲ್ಲ. ಒಗೆಯುವ ಕಲ್ಲಿನ ಸುತ್ತ ಪಾಚಿ, ಮಗುವನ್ನು ಇಟ್ಟರೆ ಜಾರುತ್ತಾಳೆ. ಈಗ ತೆವಳಲು ಬೇರೆ ಕಲಿತಿದ್ದಾಳೆ. ಬುಡದಲ್ಲಾದರೆ ಹುಲ್ಲಿನ ಮೇಲೆ ಬಿಡಬಹುದು. ಇವರು ಅಲ್ಲೇ ಬಟ್ಟೆ ಒಣಹಾಕಲು ಎರಡು ಕಂಬ ನೆಟ್ಟು ತಂತಿ ಕಟ್ಟಿಕೊಟ್ಟಿದ್ದಾರೆ. ಗಟ್ಟಿ ಕಂಬ. ನನ್ನ ಕೈ ನೋಯಬಾರದು ಅಂತ ಎತ್ತರ ಅಳೆದು ನೆಟ್ಟರು.

ನನಗೆ ನಿದ್ದೆ ಇಲ್ಲ. ಮಗು ಒಂದು ಸಲ ಅತ್ತರೆ ನಾನು ನಾಲ್ಕು ಸಲ ಏಳುತ್ತೇನೆ. ಇಂಥ ಹೊತ್ತಲ್ಲಿ ಬರೆಯಬಾರದ್ದನ್ನೆಲ್ಲ ಬರೆಯಬೇಕು ಅನಿಸುತ್ತದೆ.

ಇವಳು ಹುಟ್ಟಿದ ರಾತ್ರಿ ನೀನು ಬರಲಿಲ್ಲ. ಕೋಡಿ ಬೀಳುತ್ತಿದೆ, ಬಿಟ್ಟು ಬರಲಾರೆ ಅಂತ ಹೇಳಿಕಳಿಸಿದೆ. ಸೂಲಗಿತ್ತಿ ನನ್ನ ಮುಖ ನೋಡಿ, "ಅಮ್ಮ ಬರಲ್ವಾ?" ಅಂದಾಗ ನಾನೇ ನಿನ್ನ ಪರವಾಗಿ, "ಅಮ್ಮಂಗೆ ಆ ಏರಿನೂ ಮಗು ಇದ್ದ ಹಾಗೆ" ಅಂದೆ. ಆಕೆ ನಕ್ಕಳು. ಈಗ ಅಕ್ಕನಿಗೆ ನೀನು ಸೆರಗು ಕೊಟ್ಟು ಕೂತಿದ್ದೀಯ. ನನಗೆ ಹೊಟ್ಟೆಕಿಚ್ಚಿಲ್ಲ. ಇದೆ. ಅವಳ ಸಂಕಟ ದೊಡ್ಡದು ಅಂತ ಗೊತ್ತಿದ್ದೂ ಇದೆ, ಅದಕ್ಕೇ ನಾಚಿಕೆ.

ಇದನ್ನು ಓದಿ ಹರಿದುಹಾಕು. ಅಕ್ಕನಿಗೆ ಕಾಣಿಸಬೇಡ.

ಚಿಕ್ಕವಳು


ಆಗಸ್ಟ್ ೧೯

ಚಿಕ್ಕವಳೇ,

ಹರಿದುಹಾಕಿಲ್ಲ.

ಆ ರಾತ್ರಿ ಕೋಡಿಯ ಮೇಲೆ ಮೊಣಕಾಲುದ್ದ ನೀರು ಹೋಗ್ತಿತ್ತು. ಒಂದು ಮರ ಬಂದು ಅಡ್ಡ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸೋಕೆ ಬೇರೆ ಯಾರೂ ಇರಲಿಲ್ಲ. ಬೆಳಗ್ಗೆ ಬಂದು ನೋಡಿದಾಗ ಮಗು ನಿನ್ನ ಪಕ್ಕ ಮಲಗಿತ್ತು, ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ನಿದ್ದೆ ಅಂದುಕೊಂಡು ನಾನು ಹೊರಗೆ ಬಂದೆ. ನಿದ್ದೆ ಅಲ್ಲ ಅಂತಲೂ ಗೊತ್ತಿತ್ತು. ನನ್ನ ಸೀರೆಯೆಲ್ಲ ಕೆಸರು, ಮಗುವನ್ನು ಹೇಗೆ ಎತ್ತಿಕೊಳ್ಳಲಿ ಅಂತ ನೆಪ ಮಾಡಿಕೊಂಡೆ.

ಆವತ್ತು ಸರಿ ಮಾಡಿದೆನಾ ತಪ್ಪು ಮಾಡಿದೆನಾ ಅಂತ ಇಲ್ಲಿ ಕೂತಾಗ ಲೆಕ್ಕ ಹಾಕ್ತೀನಿ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತೆ.

ಕಂಬ ನೆಟ್ಟಿದ್ದು ಎಲ್ಲಿ? ಹುಲ್ಲಿನ ಇಳಿಜಾರಿನಲ್ಲೋ, ಬುಡದಲ್ಲೋ, ಅಥವಾ ಬುಡದಿಂದ ಆಚೆಗೋ? ಎಷ್ಟು ಆಳ? ಏರಿಯಲ್ಲಿ ಏನಾದರೂ ಇದ್ದರೆ ಒಂದು ಮಾತು ಬರಿ, ಅವತ್ತಿನ ವ್ಯಾನಿಗೇ ಹೊರಟು ಬರ್ತೀನಿ.

ಅಮ್ಮ


ಸೆಪ್ಟೆಂಬರ್ ೩

ಏ ತಂಗೀ,

ಮಲಗಿಕೊಂಡೇ ಬರೀತಿದೀನಿ, ಅಕ್ಷರಗಳೂ ನನ್ನ ಹಾಗೇ ಮಲಗಿದ್ರೆ ಬೈಕೋಬೇಡ. ಅಮ್ಮನ ಕಾಗದಕ್ಕೆ ನೀನು ಉತ್ತರ ಬರೆದಿಲ್ಲವಂತೆ. ವ್ಯಾನು ಬರೋ ಹೊತ್ತಿಗೆ ಕಿಟಕಿ ಹತ್ರ ಹೋಗಿ ನಿಂತ್ಕೋತಾರೆ. ಎರಡು ಸಲ ಚೀಲಕ್ಕೆ ಬಟ್ಟೆ ತುಂಬಿದ್ರು. "ಒಂದೇ ಸಲ ಹೋಗಿ ನೋಡಿ ಬಂದ್ಬಿಡ್ತೀನಿ" ಅಂದ್ರು. ನಾನು ಸೆರಗು ಹಿಡ್ಕೊಂಡೆ. ಅತ್ತೆನೋ ಏನೋ, ಆಮೇಲೆ ಅವರೇ ಚೀಲ ಖಾಲಿ ಮಾಡಿದ್ರು.

ನರ್ಸ್‌ಗಳಿಗೆಲ್ಲ ನಿನ್ನ ಗುಣಗಾನ. "ನನ್ನ ಚಿಕ್ಕವಳು ಕೂಸನ್ನ ಬೆನ್ನಿಗೆ ಕಟ್ಕೊಂಡು ಏರಿ ಕಾಯ್ತಿದಾಳೆ, ನನಗಿಂತ ಚೆನ್ನಾಗಿ" ಅಂತ. ನನ್ನ ಬಗ್ಗೆ ಹೇಳೋಕೆ ಪಾಪ ಏನಿದೆ, ಮಂಚ ಕಾಯ್ತಿದೀನಿ.

ಇನ್ನು ಹತ್ತು ಹನ್ನೆರಡು ದಿನ ತಳ್ಳಿದ್ರೆ ಮಗು ಬದುಕುತ್ತೆ ಅಂದಿದಾರೆ ಡಾಕ್ಟರು. ತಂಗೀ, ಅಲ್ಲಿ ಏನೂ ಇಲ್ಲ ತಾನೇ? ಇಲ್ಲ ಅಂತ ಒಂದು ಸಾಲು ಬರಿ. ಅಮ್ಮ ಇಲ್ಲಿರಲಿ.

ಮಲಗಿರೋ ಅಕ್ಕ


ಸೆಪ್ಟೆಂಬರ್ ೫

ಅಕ್ಕಾ,

ಇಲ್ಲಿ ಏನೂ ಇಲ್ಲ. ಅಮ್ಮ ಅಲ್ಲೇ ಇರಲಿ.

ತಂಗಿ


ಸೆಪ್ಟೆಂಬರ್ ೧೨, ರಾತ್ರಿ

ಅಮ್ಮಾ,

ವ್ಯಾನು ಬರುವುದರೊಳಗೆ ಇದನ್ನು ಮುಗಿಸಬೇಕು. ಮೊದಲು ಸುದ್ದಿ, ಆಮೇಲೆ ನನ್ನ ತಪ್ಪು.

ಏರಿಯ ಬುಡದಲ್ಲಿ ಕೆಸರು ನೀರು ಏಳುತ್ತಿದೆ. ನಾಲ್ಕು ದಿನದ ಮಳೆಗೆ ಕೆರೆ ತುಂಬಿದೆ, ಕೋಡಿ ಬೀಳುತ್ತಿದೆ. ಸಂಜೆ ಬಟ್ಟೆ ತರಲು ಹೋದಾಗ ಒಂದು ಕಂಬ ವಾಲಿಕೊಂಡಿತ್ತು. ಇವರು ನೆಟ್ಟಗೆ ಮಾಡೋಣ ಅಂತ ಅಲ್ಲಾಡಿಸಿದರು. ಅಷ್ಟಕ್ಕೇ ಕಂಬ ಬೆಣ್ಣೆಯೊಳಗಿಂದ ಬಂದ ಹಾಗೆ ಕೈಗೆ ಬಂತು. ಹಿಂದೆಯೇ ನೀರು ಬಂತು. ನಮ್ಮ ದೊಡ್ಡ ಪಾತ್ರೆಯ ಬಾಯಷ್ಟು ಅಗಲಕ್ಕೆ ಕುದಿಯುವ ಹಾಗೆ ಏಳುತ್ತಿದೆ, ಸುತ್ತ ಮಣ್ಣು ಗುಪ್ಪೆಗಟ್ಟುತ್ತಿದೆ. ಬಾಟಲಿಯಲ್ಲಿ ಹಿಡಿದಿಟ್ಟೆ. ತಳದಲ್ಲಿ ಬೆರಳು ದಪ್ಪ ಮಣ್ಣು ಕೂತಿತು. ಕೆರೆಯ ಹೂಳಿನ ಬಣ್ಣವಲ್ಲ, ಏರಿಯದೇ ಕೆಂಪು.

ತೂಬನ್ನು ಪೂರ್ತಿ ಎತ್ತಿದ್ದೇವೆ. ಇವರು ಆ ಗುಂಡಿಗೆ ಜೇಡಿ ತುಂಬಿ ಮುಚ್ಚಲು ಹೊರಟಿದ್ದರು, ನಾನು ಬಿಡಲಿಲ್ಲ. ಮುಚ್ಚಿದರೆ ಇನ್ನೊಂದು ಕಡೆ ಹೊಡೆಯುತ್ತದೆ ಅಂತ ನೀನು ಹೇಳುತ್ತಿದ್ದೆ. ಮರಳು ಸುರಿದು, ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿದ್ದೇವೆ, ನೀರು ಹೋಗಲಿ, ಮಣ್ಣು ನಿಲ್ಲಲಿ ಅಂತ. ಮೊದಲು ಸ್ವಲ್ಪ ತಿಳಿಯಾಯಿತು. ಈಗ ಪಕ್ಕದಲ್ಲಿ ಮತ್ತೆ ಕದಡುತ್ತಿದೆ. ತೂಬು ಪೂರ್ತಿ ಬಿಟ್ಟರೂ ಇಷ್ಟು ನೀರು ಇಳಿಯಲು ಎಷ್ಟು ದಿನ ಬೇಕು ಅಂತ ನನಗಿಂತ ನಿನಗೆ ಗೊತ್ತು. ಒಂದು ರಾತ್ರಿ ಸಾಲದು.

ಈಗ ನನ್ನ ತಪ್ಪು.

ಜೇಕು ಬೆಳೆದದ್ದು ಅಲ್ಲೇ. ಅದು ಕಾಲು ಒದ್ದೆಯಿದ್ದರೆ ಮಾತ್ರ ಬದುಕುವ ಹುಲ್ಲು ಅಂತ ಓದಿದ್ದು ನಾನು, ಕಿತ್ತದ್ದೂ ನಾನು. ಕಿತ್ತ ಮೇಲೆ ಹಿಮ್ಮಡಿಯಲ್ಲಿ ಒತ್ತಿದೆ, ತಿಳಿ ನೀರು ಜಿನುಗಿತು. ಆವತ್ತೇ ನಿನಗೆ ಬರೆಯಲು ಕೂತೆ. ಎಲ್ಲ ಸರಿಯಾಗಿದೆ ಅಂತ ಬರೆದು ಮುಗಿಸಿದೆ.

ಓವರ್‌ಸಿಯರ್ ಬಂದಾಗ ನಾನು ಅಲ್ಲಿ ಒಗೆಯುತ್ತಿರಲಿಲ್ಲ. ಏರಿಯ ಮೇಲಿಂದ ಅವರ ಕೊಡೆ ಕಂಡಿತು. ಒಗೆದು ಹಿಂಡಿಟ್ಟ ಬಟ್ಟೆಯನ್ನೇ ಬಕೆಟ್ಟಿಗೆ ಹಾಕಿಕೊಂಡು, ಮಗುವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಓಡಿದೆ. ಅವರು ಬರುವಷ್ಟರಲ್ಲಿ ಆ ಒದ್ದೆಯ ಮೇಲೆ ಕೂತು ಸೋಪು ಉಜ್ಜುತ್ತಿದ್ದೆ. ನಿನಗೆ ಅದನ್ನು ನಗೆಯ ಮಾತಾಗಿ ಬರೆದೆ. ಬರೆಯುವಾಗ ನನಗೂ ನಗು ಬಂತು.

ಒಂದು ಸಲ ಒಗೆದ ಮೇಲೆ ದಿನಾ ಒಗೆಯಲೇಬೇಕಾಯಿತು. ಅವರು ಮತ್ತೆ ಬಂದರೆ ಅಲ್ಲಿ ಬಟ್ಟೆ ಕಾಣಬೇಕಲ್ಲ. ದಿನಾ ಸೋಪಿನ ನೀರು ಸುರಿದೆ, ದಿನಾ ತುಳಿದು ಕೆಸರು ಮಾಡಿದೆ. ನೀರು ತಿಳಿಯಾಗಿದೆಯೋ ಕದಡಿದೆಯೋ ಅಂತ ನೀನು ನೋಡಲು ಹೇಳಿದ್ದ ಒಂದೇ ಗುರುತನ್ನು ನಾನೇ ಅಳಿಸಿದೆ. ಯಾವತ್ತು ಕದಡಿತು ಅಂತ ನನಗೂ ಗೊತ್ತಿಲ್ಲ. ಒಗೆಯಬೇಡ ಅಂತ ನೀನು ಬರೆದಾಗ ನಿಲ್ಲಿಸಿದ್ದರೆ ತಿಳಿಯುತ್ತಿತ್ತು. ನಿಲ್ಲಿಸಿದರೆ ತಿಳಿದುಬಿಡುತ್ತದೆ ಅಂತಲೇ ನಿಲ್ಲಿಸಲಿಲ್ಲ.

ಕಂಬ ನೆಡುವ ದಿನ ಇವರು ಸನಿಕೆ ಹಿಡಿದು ಬಂದರು. ಬುಡದಲ್ಲಿ ಗುಂಡಿ ತೋಡಬಾರದು ಅಂತ ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ನಾನು. ಬೇಡ ಅಂದರೆ ಯಾಕೆ ಅಂತ ಹೇಳಬೇಕಿತ್ತು. ಸುಮ್ಮನೆ ನಿಂತು, "ಸ್ವಲ್ಪ ಎಡಕ್ಕೆ" ಅಂದೆ. ಇವರು ತೊಡೆಯುದ್ದ ಆಳ ತೋಡಿದರು. ಇಂದು ಸಂಜೆಯವರೆಗೂ ಇವರಿಗೆ ಏನೂ ಗೊತ್ತಿರಲಿಲ್ಲ. ಕೇಳಿದ ಮೇಲೆ ಮರಳಿನ ಚೀಲ ಹೊತ್ತರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಯಾಕೆ ಮುಚ್ಚಿಟ್ಟೆ ಅಂತ ಕೇಳುತ್ತೀಯ. ಅಕ್ಕನಿಗೋಸ್ಕರ ಅಂತ ನನಗೆ ನಾನೇ ಹೇಳಿಕೊಂಡೆ. ನೀನು ಅವಳನ್ನು ಬಿಟ್ಟು ಬಂದು ಅಲ್ಲಿ ಏನಾದರೂ ಆದರೆ ಅಂತ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಬರೆದರೆ ನೀನು ಬಂದುಬಿಡುತ್ತೀಯ ಅಂತ ಗೊತ್ತಿತ್ತು. ನನ್ನ ಹೆರಿಗೆಗೆ ಬಾರದವಳು ಒಂದು ಒದ್ದೆ ನೆಲಕ್ಕೆ ಓಡಿ ಬಂದರೆ, ಅದನ್ನು ಈ ಮನೆಯ ಬಾಗಿಲಲ್ಲಿ ನಿಂತು ನಾನು ನೋಡಲಾರದವಳಾಗಿದ್ದೆ. ಅಷ್ಟೇ ಅಮ್ಮಾ. ಇಷ್ಟು ಸಣ್ಣದು. ಇದರ ಕೆಳಗೆ ಒಂದು ಇಡೀ ಬೀದಿ ಮಲಗಿದೆ.

ಕತ್ತಲಾಗುತ್ತಲೇ ಇವರು ಸೈಕಲ್ಲು ಹತ್ತಿ ಕೆಳಗಿನ ಬೀದಿಗೆ ಹೋದರು. ಮನೆಮನೆ ಬಾಗಿಲು ತಟ್ಟಿ, ಎದ್ದು ಮೇಲಿನ ಶಾಲೆಗೆ ಹೋಗಿ ಅಂದರು. ಯಾರೂ ಏಳಲಿಲ್ಲ. "ಓವರ್‌ಸಿಯರೇ ಬುಡದಿಂದ ನೋಡಿ ಕಲ್ಲಿನ ಹಾಗಿದೆ ಅಂದಿದಾರೆ, ನೀನು ಅವರಿಗಿಂತ ದೊಡ್ಡ ಇಂಜಿನಿಯರಾ?" ಅಂದರಂತೆ. ಇನ್ನೊಬ್ಬರು ಕಿಟಕಿಯಿಂದಲೇ, "ನಿನ್ನ ಹೆಂಡ್ತಿಗೆ ನಿದ್ದೆ ಬರಲ್ಲ ಅಂತ ಊರಿಗೆಲ್ಲ ಜಾಗರಣೆನಾ? ಮಳೇಲಿ ಕೂಸುಗಳನ್ನ ಎತ್ಕೊಂಡು ಎಲ್ಲಿಗೆ ಹೋಗೋಣ?" ಅಂದರಂತೆ. ಅವರದು ತಪ್ಪಲ್ಲ. ಓವರ್‌ಸಿಯರ್ ಬಾಯಲ್ಲಿ ಆ ಮಾತು ಇಟ್ಟವಳು ನಾನು.

ಬೇಕರಿಯವರು ಮಾತ್ರ ಬಾಗಿಲು ತೆಗೆದು ಫೋನ್ ಕೊಟ್ಟರು. ಓವರ್‌ಸಿಯರ್ ಮನೆಯ ಫೋನು ಹೊಡೆದು ಹೊಡೆದು ನಿಂತಿತು. ಆಸ್ಪತ್ರೆಗೆ ಮಾಡಿದರೆ, ವಾರ್ಡಿಗೆ ಬೆಳಿಗ್ಗೆ ಎಂಟರ ಮೇಲೆಯೇ ಅಂತ ಇಟ್ಟುಬಿಟ್ಟರಂತೆ. ಬೇಕರಿಯವರು ಇವರಿಗೆ ಹೇಳಿ ಕಳಿಸಿದ್ದು ಇಷ್ಟು: "ನಿಮ್ಮತ್ತೆ ಒಂದು ಮಾತು ಹೇಳ್ಲಿ. ಆಯಮ್ಮ ಏಳಿ ಅಂದ್ರೆ ನಾನೇ ಎಲ್ಲರ ಬಾಗಿಲೂ ಒದೀತೀನಿ. ಬರೀ ನೀವು ಹೇಳಿದ್ದು ಅಂದ್ರೆ ನನ್ನ ಮಾತೂ ನಡೆಯಲ್ಲ." ಇವರು ಮರಳು ಹೊರಲು ವಾಪಸ್ ಬಂದು, ಈಗ ಮತ್ತೆ ಕೆಳಗೆ ಹೋಗಿದ್ದಾರೆ, ಇನ್ನೊಂದು ಸಲ ತಟ್ಟಿ ನೋಡಲು. ತೂಬು ಬಿಟ್ಟು ನಾನು ಕದಲುವ ಹಾಗಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತೂಬಿನ ಕೋಣೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಈ ಕೋಣೆ ಗಟ್ಟಿ ಬಂಡೆಯ ಮೇಲಿದೆ, ನಮಗೆ ಹೆದರಿಕೆಯಿಲ್ಲ. ಆದರೆ ಇಲ್ಲಿಂದ ನೋಡಿದರೆ ಕೆಳಗಿನ ಬೀದಿಯ ದೀಪಗಳು ಒಂದೊಂದೇ ಆರುತ್ತಿವೆ. ಇವರು ತಟ್ಟಿ ಎಬ್ಬಿಸಿದವರು ಮತ್ತೆ ಮಲಗುತ್ತಿದ್ದಾರೆ.

ವ್ಯಾನಿನವರಿಗೆ ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡಿ ಎನ್ನುತ್ತೇನೆ. ಹಾಲಿಗಿಂತ ಮೊದಲು ಕಾಗದ ಇಳಿಸಿ ಎನ್ನುತ್ತೇನೆ. ಮೂರರ ಹೊತ್ತಿಗೆ ಆಯಾ ನಿನ್ನನ್ನು ಎಬ್ಬಿಸುತ್ತಾಳೆ. ಚೀಲ ತುಂಬಬೇಡ ಅಮ್ಮಾ. ಅಕ್ಕ ನಿನ್ನ ಸೆರಗು ಹಿಡಿದಿದ್ದರೆ ಬಿಡಿಸಿಕೊಂಡು ಕಾರಿಡಾರಿನ ತನಕ ಹೋಗಿ ಬಾ, ಅಷ್ಟು ದೂರ ಸಾಕು. ಇಲ್ಲ, ಅವಳನ್ನು ಎಬ್ಬಿಸಿ ಹೇಳಿಯೇ ಹೋಗು. ನಾನು ಸುಳ್ಳು ಬರೆದೆ ಅಂತ ಹೇಳು. ಸುಮ್ಮನೆ ಎದ್ದುಹೋದರೆ ಹೆದರುತ್ತಾಳೆ.

ನೀನು ಬರುವುದು ಬೇಡ. ಬಂದು ತಲುಪುವಷ್ಟರಲ್ಲಿ ಇಲ್ಲಿ ಆಗುವುದು ಆಗಿರುತ್ತದೆ, ಅಲ್ಲಿ ಅಕ್ಕ ಒಬ್ಬಳೇ ಆಗುತ್ತಾಳೆ. ಬೇಕರಿಗೆ ಫೋನ್ ಮಾಡು. ಏರಿ ಹೋಗ್ತಿದೆ, ನನ್ನ ಮಗಳು ಮುಚ್ಚಿಟ್ಟಿದ್ದಳು, ಓವರ್‌ಸಿಯರ್‌ಗೆ ಸುಳ್ಳು ಹೇಳಿದ್ದಳು, ಎಲ್ಲರೂ ಎದ್ದು ಮೇಲಕ್ಕೆ ಹತ್ತಿ ಅಂತ ಹೇಳು. ನನ್ನ ಮರ್ಯಾದೆ ನೋಡಿ ಮಾತು ಮೆತ್ತಗೆ ಮಾಡಬೇಡ, ಮೆತ್ತಗೆ ಹೇಳಿದರೆ ಅವರು ಏಳುವುದಿಲ್ಲ. ಆಮೇಲೆ ಕಾಸು ಉಳಿದಿದ್ದರೆ ಇಲ್ಲಿಗೂ ಒಂದು ಸಲ ಮಾಡು. ನಾನು ಹೂಂ ಅಂತಲೇ ಅನ್ನಬಹುದು, ಬೈದರೂ ಹೂಂ ಅನ್ನುತ್ತೇನೆ. ವ್ಯಾನಿನ ದೀಪ ತಿರುವಿನಲ್ಲಿ ಕಾಣುತ್ತಿದೆ. ಅಮ್ಮಾ, ಬೇಕರಿಗೆ ಮೊದಲು. ಬೆಳಗಾಗುವುದರೊಳಗೆ ಫೋನ್ ಮಾಡು, ದಮ್ಮಯ್ಯ, ಬೆಳಗಾಗುವುದರೊಳಗೆ.

ನಿನ್ನ ಚಿಕ್ಕವಳು